ನಾಲ್ಕು ಮೂಲೆಗೆ ಒಂದು ಕಿವಿ

ಚಳ್ಳಕೆರೆಯಲ್ಲಿ ಮೈಕ್ ರೇಣುಕಮ್ಮ ಗೊತ್ತಿಲ್ಲ ಅನ್ನುವವರು ಒಂದೋ ಆ ಊರಿಗೆ ನಿನ್ನೆ ಮೊನ್ನೆ ವರ್ಗವಾಗಿ ಬಂದವರು, ಇಲ್ಲವೇ ಸುಳ್ಳು ಹೇಳುವವರು. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಎಲೆಕ್ಷನ್ ಭಾಷಣ, ಯಾವುದೇ ಇರಲಿ, ಪೆಟ್ಟಿಗೆಗಳನ್ನಿಳಿಸಿ ವೈರ್ ಎಳೆದ ಮೇಲೆ ಆಕೆ ಮೈದಾನದ ನಟ್ಟನಡುವೆ ನಿಂತು ಹೂಂ ಎಂದು ತಲೆಯಾಡಿಸಬೇಕು. ಆಕೆ ತಲೆಯಾಡಿಸದಿದ್ದರೆ ಮಂತ್ರಿಯಾದರೂ ವೇದಿಕೆಯ ಕೆಳಗೇ ಕಾಯಬೇಕು. ಇದು ಸ್ವಲ್ಪ ಉಬ್ಬಿಸಿ ಹೇಳಿದ ಮಾತಿರಬಹುದು. ಆದರೆ ಹೇಳಿದವಳು ರೇಣುಕಮ್ಮನೇ ಆದ್ದರಿಂದ ತಿದ್ದುವ ಧೈರ್ಯ ಯಾರಿಗೂ ಬಂದಿಲ್ಲ.

ಹುಟ್ಟಿದ್ದು ದೇವಸಮುದ್ರದಲ್ಲಿ, ಕುರಿ ಕಾಯುವ ಮನೆಯಲ್ಲಿ. ಮದುವೆಯಾಗಿ ಬಂದದ್ದು ಚಳ್ಳಕೆರೆಯ ಪಾತಣ್ಣನ ಮನೆಗೆ. ಅವನಿಗೆ ಮೈಕ್ ಸೆಟ್ಟಿನ ಅಂಗಡಿ ಇತ್ತು. ಬಂಗಾರದಂಥ ಮನುಷ್ಯ, ಆದರೆ ಎತ್ತರ ಕಂಡರೆ ಕೈಕಾಲು ನಡುಗುತ್ತಿದ್ದವು. ಆ ಕಾಲಕ್ಕೆ ಹಾರ್ನುಗಳನ್ನು ಮರದ ತುದಿಯಲ್ಲೇ ಕಟ್ಟಬೇಕು. ಒಂದು ಮದುವೆಯ ದಿನ ಹಾರ್ನ್ ಕಟ್ಟುವ ಆಳು ಕೈಕೊಟ್ಟಾಗ ಪಾತಣ್ಣ ಬೇವಿನ ಮರದ ಬುಡದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಬುತ್ತಿ ತಂದಿದ್ದ ಹೊಸ ಹೆಂಡತಿ ಅದನ್ನು ನೋಡಿದಳು, ಬುತ್ತಿಯನ್ನು ಕೆಳಗಿಟ್ಟಳು, ಸೀರೆಗೆ ಕಚ್ಚೆ ಹಾಕಿ ಮರ ಹತ್ತಿದಳು. ಬೀಗರು ಬಾಯಿ ತೆರೆದು ನೋಡುತ್ತಿರುವಾಗ ಮೇಲಿನಿಂದ, "ಇನ್ನೊಂದೀಟು ವೈರ್ ಬಿಡ್ರೀ, ಸಾಲ್ದು" ಎಂಬ ಕೂಗು ಬಂತು. ಅಂದಿನಿಂದ ಅಂಗಡಿ ಆಕೆಯದು, ಅಡುಗೆ ಪಾತಣ್ಣನದು. ಇಬ್ಬರಿಗೂ ಅದು ಒಗ್ಗಿತು.

ನಾಲ್ಕು ವರ್ಷಗಳ ಹಿಂದೆ ಒಂದು ಬೆಳಗ್ಗೆ ಎದ್ದಾಗ ರೇಣುಕಮ್ಮನ ಎಡಗಿವಿ ಕೇಳಿಸಲಿಲ್ಲ. ನೆಗಡಿಯಿರಬೇಕೆಂದು ಬಿಟ್ಟಳು. ಮದುವೆಯ ಕಾಲ, ಕೈತುಂಬ ಕೆಲಸ. ಅದು ಮುಗಿದ ಮೇಲೆ ದುರ್ಗಕ್ಕೆ ಹೋದರೆ ಡಾಕ್ಟರು, ನರ ಹೋಗಿದೆ, ಮೊದಲೇ ಬರಬೇಕಿತ್ತು ಅಂದರು. ಆ ಸುದ್ದಿ ಡಾಕ್ಟರು, ಪಾತಣ್ಣ ಮತ್ತು ಆಕೆಯ ನಡುವೆಯೇ ಉಳಿಯಿತು. "ಒಂಟಿ ಕಿವಿಯೋಳಿಗೆ ಯಾವನು ಮೈಕ್ ಕೆಲಸ ಕೊಡ್ತಾನೆ?" ಎಂಬುದು ಆಕೆಯ ವಾದ. ವಾದದಲ್ಲಿ ಹುರುಳಿತ್ತು. ಆಕೆಯ ಬಂಡವಾಳ ಪೆಟ್ಟಿಗೆಗಳಲ್ಲ, ಕಿವಿ. ಪೆಟ್ಟಿಗೆ ಈಗ ಸಾಲಮಾಡಿ ಯಾರಾದರೂ ತರಬಹುದು. ಎಡಗಡೆಯಿಂದ ಯಾರಾದರೂ ಕೂಗಿದರೆ ಆಕೆ ತಿರುಗುತ್ತಿರಲಿಲ್ಲ. ರೇಣುಕಮ್ಮನಿಗೆ ಈಚೆಗೆ ಗರ್ವ ಬಂದಿದೆ ಎಂದು ಪೇಟೆಯಲ್ಲಿ ಮಾತಾಯಿತು. ಆಡಿಕೊಳ್ಳಲಿ ಎಂದು ಸುಮ್ಮನಿದ್ದಳು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಗರ್ವದವಳು ಅನ್ನಿಸಿಕೊಳ್ಳುವುದು ವ್ಯಾಪಾರಕ್ಕೆ ಒಳ್ಳೆಯದು.

ಹೀಗಿರುವಾಗ ಮೊಳಕಾಲ್ಮೂರಿನ ಕೃಷ್ಣಕುಮಾರ್ ಫೋನ್ ಮಾಡಿದ. ನೇಕಾರರ ಮನೆಯವನು, ತಮ್ಮದೇ ಮಗ್ಗದ ರೇಷ್ಮೆ ಸೀರೆಗಳನ್ನು ಫೋನಿನಲ್ಲಿ ತೋರಿಸಿ ಹೊರದೇಶಗಳಿಗೆ ಕಳಿಸುತ್ತಿದ್ದ. ಸೀರೆ ಹೋಗುವ ದಾರಿಯಲ್ಲೇ ಈ ಸಲ ಒಂದು ವಸ್ತು ಇತ್ತ ಬಂದಿತ್ತು. ಜಪಾನಿನ ಮುದುಕರೊಬ್ಬರು ಐವತ್ತು ವರ್ಷ ಜೋಪಾನ ಮಾಡಿದ್ದ ಕ್ವಾಡ್ರಾಫೋನಿಕ್ ರಿಸೀವರ್. ಸ್ಟೀರಿಯೋಗೆ ಎರಡು ಸ್ಪೀಕರ್ ಆದರೆ ಇದಕ್ಕೆ ನಾಲ್ಕು, ಕೋಣೆಯ ಮೂಲೆಗೊಂದು. ಸದ್ದು ಮುಂದಿನಿಂದಷ್ಟೇ ಅಲ್ಲ, ಬೆನ್ನ ಹಿಂದಿನಿಂದಲೂ ಬರುತ್ತದೆ, ಸುತ್ತಲೂ ತಿರುಗುತ್ತದೆ. ಎಪ್ಪತ್ತರ ದಶಕದಲ್ಲಿ ಕೆಲವೇ ವರ್ಷ ತಯಾರಾಗಿ ನಿಂತುಹೋದ ಸರಕು. ಕೃಷ್ಣಕುಮಾರ್ ಅದಕ್ಕಾಗಿ ಎಷ್ಟು ಹುಡುಕಿದ, ಕಸ್ಟಮ್ಸಿನವರಿಗೆ ಅದು ಬಾಂಬಲ್ಲ ಎಂದು ಎಷ್ಟು ಸಲ ವಿವರಿಸಿದ ಎಂಬುದೇ ಒಂದು ಪುರಾಣ. ಬೆಲೆ ಮಾತ್ರ ಕೇಳಬಾರದು, ಅವನ ಹೆಂಡತಿ ಪದ್ಮಶ್ರೀಗೂ ಪೂರ್ತಿ ಗೊತ್ತಿರಲಿಲ್ಲ.

"ರೇಣುಕಕ್ಕ, ನೀವೇ ಬಂದು ಕೂರ್ಸಿಕೊಡ್ಬೇಕು. ನಾಲ್ಕು ಮೂಲೆ ಸದ್ದು ತೂಗೋ ಕಿವಿ ಅಂದ್ರೆ ನಿಮ್ದೇ" ಅಂದ.

ಕೆಲಸ ಒಲ್ಲೆ ಅನ್ನುವುದು ಆಕೆಯ ಜಾಯಮಾನದಲ್ಲಿರಲಿಲ್ಲ. "ಬರ್ತೀನಿ ಕಣಪ್ಪಾ, ಅದೇನು ಬ್ರಹ್ಮವಿದ್ಯೆನಾ" ಅಂದಳು.

ಒಲೆಯ ಮುಂದಿದ್ದ ಪಾತಣ್ಣ, "ನಾಲ್ಕು ಪೆಟ್ಟಿಗೆ ಐತಂತೆ. ನಿಂಗೆ ಎರಡೇ ಕಷ್ಟ" ಎಂದ.

"ಕಿವಿ ಕಮ್ಮಿ ಆದ್ರೆ ತಲೆ ಐತಲ್ಲ" ಎಂದು ರೇಣುಕಮ್ಮ ಟ್ರಾನ್ಸ್‌ಫಾರ್ಮರನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದಳು.

ಕೃಷ್ಣಕುಮಾರನ ಮನೆಯ ಹಜಾರದಲ್ಲಿ ಎರಡು ಮಗ್ಗಗಳು, ಹಿಂದೆ ಸೀರೆ ಮಡಿಸಿಡುವ ಕೋಣೆ. ಆ ಕೋಣೆಯನ್ನು ಖಾಲಿ ಮಾಡಿಸಿ ನಾಲ್ಕು ಮೂಲೆಗೆ ಸ್ಪೀಕರ್ ಇಟ್ಟು, ವೈರುಗಳನ್ನೂ ಎಳೆದಿದ್ದ. ರಿಸೀವರ್ ಮರದ ಚೌಕಟ್ಟಿನಲ್ಲಿ ಮದುಮಗನ ಹಾಗೆ ಮಿಂಚುತ್ತ ಕೂತಿತ್ತು. ಬಾಗಿಲ ಬಳಿ ಅವನ ತಾಯಿ ಬೊಮ್ಮಕ್ಕ ಕೈಕಟ್ಟಿ ಕುಳಿತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಬುದ್ಧಿ ಬಂದಾಗಿನಿಂದ ಮಗ್ಗದ ಮುಂದೆಯೇ ಬದುಕಿದವಳು.

ಕೃಷ್ಣಕುಮಾರ್ ಪ್ಲಗ್ಗಿಗೆ ಕೈ ಹಾಕಿದ ಕೂಡಲೇ ಬೊಮ್ಮಕ್ಕ, "ಒರೇ ಕೃಷ್ಣಾ, ಆಗರಾ" ಎಂದು ಮನೆಮಾತಾದ ತೆಲುಗಿನಲ್ಲಿ, ರೇಣುಕಮ್ಮ ಮೊದಲು ನೋಡಲೆಂದು ತಡೆದಳು. ಆಕೆ ತಡೆದದ್ದು ಒಳ್ಳೆಯದೇ ಆಯಿತು. ಅದು ಜಪಾನಿನ ನೂರು ವೋಲ್ಟಿನ ಯಂತ್ರ, ನಮ್ಮ ಕರೆಂಟಿಗೆ ನೇರ ಕೊಟ್ಟರೆ ಹೊಗೆ ನೋಡಲು ಮಾತ್ರ ಸಿಗುತ್ತಿತ್ತು. ರೇಣುಕಮ್ಮ ನಡುವೆ ಟ್ರಾನ್ಸ್‌ಫಾರ್ಮರ್ ಹಾಕಿದಳು, ಅದರ ಹಿಂದೆ ಒಂದು ಬಲ್ಬನ್ನೂ ಸೇರಿಸಿದಳು. ಬಹಳ ಕಾಲ ಮಲಗಿದ್ದ ಯಂತ್ರದಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬೇ ಉರಿದು ಅದನ್ನು ಉಳಿಸುತ್ತದೆ. ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿ ಮೆಲ್ಲಗೆ ಮಂಕಾಯಿತು. "ಆರೋಗ್ಯವಾಗೈತೆ" ಎಂದು ತೀರ್ಪು ಕೊಟ್ಟಳು. ಬಲ್ಬು ತೆಗೆದು ಸ್ವಿಚ್ ಹಾಕಿದಾಗ ಅಂಕಿಗಳ ಗಾಜಿನ ಹಿಂದೆ ಹಸಿರು ಬೆಳಕು ಹತ್ತಿತು. ಕೃಷ್ಣಕುಮಾರ್ ಯಾರಿಗೂ ಕಾಣದಂತೆ ಕೈಮುಗಿದ. ಎಲ್ಲರಿಗೂ ಕಂಡಿತು.

ಯಂತ್ರದ ಜೊತೆ ಮುದುಕರು ಒಂದು ರೆಕಾರ್ಡನ್ನೂ ಕಳಿಸಿದ್ದರು, ನಾಲ್ಕು ಮೂಲೆಗಳನ್ನು ಪರೀಕ್ಷಿಸಲೆಂದೇ ಮಾಡಿದ್ದು. ಕೃಷ್ಣಕುಮಾರ್ ಅದನ್ನು ಪಕ್ಕದಲ್ಲಿದ್ದ ರೆಕಾರ್ಡ್ ಪ್ಲೇಯರಿನ ಮೇಲಿಟ್ಟ. ಮೊದಲು ಒಬ್ಬ ಹೆಂಗಸು ಒಂದೊಂದೇ ಮೂಲೆಯಿಂದ ಮಾತಾಡುತ್ತಾಳೆ. ಆಮೇಲೆ ಒಂದು ಡೋಲು ಬಾರಿಸುತ್ತ ಕೋಣೆಯ ಸುತ್ತ ನಡೆಯುತ್ತದೆ. ರೇಣುಕಮ್ಮ ಕೋಣೆಯ ಮಧ್ಯೆ ಕುರ್ಚಿ ಹಾಕಿಸಿದಳು. ಆಕೆಯ ಉಪಾಯ ಸರಳ. ಕುರ್ಚಿಯನ್ನೇ ತಿರುಗಿಸಿಕೊಂಡು ಪ್ರತಿ ಮೂಲೆಗೂ ಬಲಗಿವಿಯನ್ನೇ ಕೊಡುವುದು, ಅದೇ ಕಿವಿಯಲ್ಲಿ ನಾಲ್ಕನ್ನೂ ಸಮ ಮಾಡುವುದು.

"ಇದ್ಯಾವ ಟೆಕ್ನಿಕ್ಕಕ್ಕಾ?" ಎಂದು ಕೃಷ್ಣಕುಮಾರ್ ಬೆರಗಾದ.

"ನಮ್ಮಂಗಡಿ ಪದ್ಧತಿ" ಅಂದಳು.

ನಾಲ್ಕು ಮೂಲೆಗಳೂ ಕೂದಲಷ್ಟು ವ್ಯತ್ಯಾಸವಿಲ್ಲದೆ ಸಮವಾದವು. ಡೋಲು ಶುರುವಾಗಿ ಮುಗಿಯುವ ತನಕ ಒಂದೇ ಗಟ್ಟಿತನದಲ್ಲಿ ಕೇಳಿತು. ಎಲ್ಲಿ ನಡೆಯಿತು ಎಂಬುದು ಆಕೆಗೆ ತಿಳಿಯಲಿಲ್ಲ, ತಿಳಿಯುವುದೂ ಇಲ್ಲ. ಅದಕ್ಕೆ ಎರಡು ಕಿವಿ ಬೇಕು. ಆದರೂ ಲೆಕ್ಕದಲ್ಲಿ ತಪ್ಪಿಲ್ಲ ಎಂಬ ಧೈರ್ಯದಿಂದ ಎದ್ದು, ಮೈದಾನದಲ್ಲಿ ಆಡಿಸುವ ಹಾಗೆ ತಲೆಯಾಡಿಸಿದಳು. "ಆತು. ಮೊದ್ಲು ಮನೆ ಹಿರೀಕರು ಕೂತ್ಕಳ್ಳಿ."

ಬೊಮ್ಮಕ್ಕ ನಾಚುತ್ತ ಬಂದು ಕುಳಿತಳು. ಡೋಲು ಮತ್ತೆ ಹೊರಟಿತು. ಆಕೆಯ ಕಣ್ಣು ಬಲಕ್ಕೆ ಹೋಯಿತು, ಹಿಂದಕ್ಕೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು.

"ಹಿಂದಿನ ಗ್ವಾಡೆಗೆ ಬಂದ್ಮೇಲೆ ಡೋಲು ಕಳೆದೋಗ್ತೈತಲ್ಲಮ್ಮಾ. ಎಲ್ಲೈತೋ ಗೊತ್ತಾಗಲ್ಲ, ತಲೆ ಒಳಗೇ ಬಡಿದಂಗಾಗ್ತೈತೆ. ಆಮೇಲೆ ಮುಂದ್ಕೆ ಬಂದಾಗ ಸಿಗ್ತೈತೆ."

ಗುಟ್ಟು ಬಯಲಾಯಿತೆಂದು ರೇಣುಕಮ್ಮ ಹೆದರಿದಳು. ಮುಖದಲ್ಲಿ ಅದು ಕಾಣಲಿಲ್ಲ. ಇಷ್ಟು ವರ್ಷ ಸಾವಿರಾರು ಜನರ ಮುಂದೆ ನಿಂತ ಮುಖ ಅದು. "ಎಲ್ಲಾ ಸಮ ಮಾಡೀನಿ ಬೊಮ್ಮಕ್ಕ. ಮಗ್ಗದ ಸದ್ದಿನಾಗೆ ನಿಮ್ಮ ಕಿವಿ ಒಂದೀಟು ಮಂದ ಆಗಿರ್ಬೇಕು" ಅಂದುಬಿಟ್ಟಳು.

ರೇಣುಕಮ್ಮ ಅಂದಮೇಲೆ ಮುಗಿಯಿತು, ಮೇಲ್ಮನವಿ ಇಲ್ಲ. ಕೃಷ್ಣಕುಮಾರ್ ತಾಯಿಯನ್ನು ಹೊಸದಾಗಿ ನೋಡಿದ. "ಹೌದಕ್ಕಾ, ಈಗೀಗ ಕೂಗಿದ್ರೂ ಬರಲ್ಲ. ನಾನೇ ಗಮನಿಸ್ಲಿಲ್ಲ. ಮುಂದಿನ ವಾರ ದುರ್ಗಕ್ಕೆ ಕರ್ಕೊಂಡೋಗ್ತೀನಿ."

ಬೊಮ್ಮಕ್ಕ ವಾದ ಮಾಡಲಿಲ್ಲ. ಎರಡೂ ಕೈಯಿಂದ ಎರಡೂ ಕಿವಿಗಳನ್ನು ಮೆಲ್ಲಗೆ ಮುಟ್ಟಿಕೊಂಡಳು. "ಹೋಗಿರ್ಬೋದು. ನಂಗೇ ತಿಳೀಲಿಲ್ಲ ನೋಡು" ಎನ್ನುತ್ತ ಎದ್ದು, ಬಾಗಿಲ ಬಳಿ ಮೊದಲಿದ್ದ ಜಾಗಕ್ಕೆ ಹೊರಟಳು.

ಕಿವಿ ಮುಟ್ಟಿಕೊಳ್ಳುವ ಆ ರೀತಿ ರೇಣುಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ದುರ್ಗದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ತಾನೂ ಹೀಗೇ ಮುಟ್ಟಿಕೊಂಡಿದ್ದಳು. ಏನೂ ಆಗದ ಕಿವಿಗೆ ಆ ಭಯ ಹಚ್ಚಿದ್ದು ತಾನು. ತನ್ನ ಹೆಸರು ಉಳಿಯಿತು, ತನ್ನ ಕಿವುಡನ್ನು ಹೊತ್ತುಕೊಂಡು ಆ ಮುದುಕಿ ಬಾಗಿಲಿಗೆ ಹೋಗುತ್ತಿದ್ದಾಳೆ. ರೇಣುಕಮ್ಮನಿಗೆ ತನ್ನ ಮೇಲೆ ಕೋಪ ಉಕ್ಕಿತು, ಭಯಕ್ಕಿಂತ ಅದು ದೊಡ್ಡದಾಗಿತ್ತು.

"ನಿಂತ್ಕಳ್ರಿ ಬೊಮ್ಮಕ್ಕ. ಕಿವಿ ಹೋಗಿರೋದು ನಿಮ್ದಲ್ಲ, ನಂದು."

ಬಾಗಿಲ ಕಡೆ ಹೊರಟಿದ್ದ ಬೊಮ್ಮಕ್ಕ ತಿರುಗಿ ನೋಡಿದಳು.

"ಎಡಗಿವಿ ಸತ್ತು ನಾಲ್ಕು ವರ್ಷ ಆತು. ಅನ್ನ ಹೋಗ್ತೈತೆ ಅಂತ ಯಾರಿಗೂ ಹೇಳಿಲ್ಲ. ನಂದನ್ನ ಈಗ ನಿಮ್ಮ ಮ್ಯಾಲೆ ಹಾಕ್ದೆ, ಅದು ಮಾಡ್ಬಾರ್ದಿತ್ತು." ಅಷ್ಟು ಹೇಳಿ ಮುಗಿಸಿದ ಮೇಲೆ ರೇಣುಕಮ್ಮನಿಗೆ ಹಳೆಯ ಜೋರು ಬಂತು. "ಬರ್ರಿ, ಕೂತ್ಕಳ್ರಿ. ಡೋಲು ಎಲ್ಲಿ ಕಳೀತು, ಸರಿಯಾಗಿ ಹೇಳ್ರಿ. ಕೃಷ್ಣಕುಮಾರ, ಏನ್ ಬಾಯಿ ಬಿಟ್ಕಂಡು ನಿಂತೀಯಾ, ಆ ಗಡಿಯಾರದ ಸೆಲ್ ಕಿತ್ತು ಕೊಡು."

ಬೊಮ್ಮಕ್ಕ ತೋರಿಸಿದ್ದು ಹಿಂದಿನ ಎಡಮೂಲೆ. ಅಲ್ಲಿಗೆ ಬರುವ ಮುಂಚೆಯೂ ಅಲ್ಲಿಂದ ಹೊರಟ ಮೇಲೂ ಡೋಲು ಕಾಣೆ. ರೇಣುಕಮ್ಮ ನಾಲ್ಕೂ ವೈರುಗಳನ್ನು ಯಂತ್ರದಿಂದ ಬಿಚ್ಚಿ, ಸ್ಪೀಕರುಗಳ ಮುಂದಿನ ಬಟ್ಟೆ ತೆಗೆಸಿ, ಒಂದೊಂದೇ ವೈರಿನ ತುದಿಗೆ ಸೆಲ್ ಮುಟ್ಟಿಸಿದಳು. ಬೊಮ್ಮಕ್ಕ ಪಕ್ಕದಲ್ಲಿ ಕೂತು ನೋಡಿದಳು. ಮೂರು ಸ್ಪೀಕರುಗಳ ಕಾಗದದ ಬುಟ್ಟಿ ಪಟ್ಟೆಂದು ಹೊರಕ್ಕೆ ಉಬ್ಬಿತು. ನಾಲ್ಕನೆಯದಕ್ಕೆ ಬಂದಾಗ, "ಇದು ಒಳಕ್ಕೋತು!" ಅಂದಳು.

ಸಿಕ್ಕಿತು ಕಳ್ಳ. ಪಕ್ಕದ ಸ್ಪೀಕರ್ ಹೊರಗೆ ತಳ್ಳುವಾಗ ಇದು ಒಳಗೆ ಎಳೆದರೆ ಎರಡರ ನಡುವಿನ ಸದ್ದು ನೆಲೆಯಿಲ್ಲದೆ ಚದುರುತ್ತದೆ. ಎಲ್ಲೋ ಎರಡು ತಂತಿ ಅದಲುಬದಲಾಗಿವೆ. ಹುಡುಕಿದರೆ ಗೋಡೆಯ ನಡುವೆ ವೈರಿಗೆ ಒಂದು ಜೋಡಣೆ ಇತ್ತು. ಅಷ್ಟು ನಯವಾದ ಜೋಡಣೆಯನ್ನು ರೇಣುಕಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

"ಯಾರು ಹಾಕಿದ್ದಿದು?"

"ವೈರ್ ಸಾಲ್ಲಿಲ್ಲಕ್ಕಾ" ಎಂದು ಕೃಷ್ಣಕುಮಾರ್ ತಾಯಿಯ ಕಡೆ ನೋಡಿದ.

"ನಾನೇ ಕೆಚ್ಚಿದ್ದು" ಅಂದಳು ಬೊಮ್ಮಕ್ಕ. ಮಗ್ಗದಲ್ಲಿ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಹೊಸ ಹಾಸಿನ ಎಳೆಗಳನ್ನು ಬೆರಳಲ್ಲಿ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಅನ್ನುತ್ತಾರೆ. ಎಳೆಗಳ ಸಾಲು ತಪ್ಪದಿರಲೆಂದು ಒಂದು ಮೇಲೆ, ಒಂದು ಕೆಳಗೆ ಕತ್ತರಿಯಾಗಿ ಹಾಯಿಸಿಡುತ್ತಾರೆ. ಬೊಮ್ಮಕ್ಕ ಒಂದೇ ಬಣ್ಣದ ಈ ಎರಡು ತಂತಿಗಳಿಗೂ ಮರೆಯದೆ ಕತ್ತರಿ ಹಾಕಿದ್ದಳು. "ಎರಡೇ ಎಳೆ ಆದ್ರೇನು, ಕತ್ತರಿ ಇಲ್ದೆ ಕೆಚ್ಚೋಕಾಗ್ತೈತಾ?" ಎಂದು ಅವರನ್ನೇ ಕೇಳಿದಳು.

ರೇಣುಕಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ ನಕ್ಕಳು. ಬೊಮ್ಮಕ್ಕನಿಗೂ ನಗು ತಡೆಯಲಿಲ್ಲ. ಕತ್ತರಿ ಬಿಚ್ಚಿ ತಂತಿಗಳನ್ನು ನೇರ ಮಾಡಿದ್ದಾಯಿತು. ಬೊಮ್ಮಕ್ಕ ಮತ್ತೆ ಕುಳಿತಳು, ಡೋಲು ಹೊರಟಿತು. ಈ ಸಲ ಆಕೆಯ ಮುಖ ಅದರ ಹಿಂದೆಯೇ ಬಲಕ್ಕೆ, ಹಿಂದಕ್ಕೆ, ಎಡಕ್ಕೆ ಹೋಗಿ, ಎಲ್ಲಿಯೂ ನಿಲ್ಲದೆ ಮುಂದಕ್ಕೆ ಬಂತು.

ಆಮೇಲೆ ಆಕೆ ಎದ್ದು ರೇಣುಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿದಳು. ಹಿಂದೆ ನಿಂತು ಎರಡೂ ಹೆಗಲ ಮೇಲೆ ಕೈಯಿಟ್ಟಳು. ಡೋಲು ಬಲಕ್ಕೆ ಹೋದಾಗ ಬಲಹೆಗಲನ್ನು ಒತ್ತಿದಳು, ಹಿಂದೆ ಹೋದಾಗ ಬೆನ್ನಿಗೆ ಬೆರಳು ತಂದಳು, ಆಮೇಲೆ ಎಡಹೆಗಲಿಗೆ. ಎಡಗಡೆಯಿಂದ ಏನಾದರೂ ಬರುತ್ತದೆ ಎಂಬುದನ್ನೇ ರೇಣುಕಮ್ಮ ಮರೆತಿದ್ದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ದೇವಸಮುದ್ರದ ದೊಡ್ಡೀರಪ್ಪ, ಮಗಳ ಮದುವೆಗೆ ಮೈಕ್ ಬೇಕಂತೆ, ರೇಣುಕಮ್ಮನೇ ಬಂದು ಕೇಳಿ ನೋಡಬೇಕಂತೆ. ಇಂಥ ದೊಡ್ಡ ಮದುವೆ ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

"ಬರ್ತೀನಿ ದೊಡ್ಡೀರಪ್ಪಾರೆ" ಎಂದವಳು ಒಮ್ಮೆ ಉಸಿರೆಳೆದುಕೊಂಡಳು. "ಒಂದ್ ಮಾತು ಮೊದ್ಲೇ ಹೇಳ್ತೀನಿ. ನಂಗೆ ಎಡಗಿವಿ ಕೇಳ್ಸಲ್ಲ. ಕೆಲಸ ಕೆಡಲ್ಲ, ಅದಕ್ಕೆ ನಾನು ಜವಾಬ್ದಾರಿ. ಬ್ಯಾಡ ಅನ್ಸಿದ್ರೆ ಈಗ್ಲೇ ಹೇಳ್ಬಿಡ್ರಿ."

ಕೃಷ್ಣಕುಮಾರ್ ರೆಕಾರ್ಡಿನ ಮೇಲಿನ ಮುಳ್ಳನ್ನು ಎತ್ತಿದ. ಆ ಕಡೆಯ ಉತ್ತರ ಉದ್ದವಾಗಿತ್ತು. ರೇಣುಕಮ್ಮ ಕೇಳುತ್ತಲೇ ಇದ್ದಳು, ಮುಖದಲ್ಲಿ ಏನೂ ತಿಳಿಯಲಿಲ್ಲ. ಕೊನೆಗೆ ಫೋನನ್ನು ಮಡಿಲಿಗೆ ಹಾಕಿಕೊಂಡಳು.

"ಏನಂದ್ರಮ್ಮಾ?" ಎಂದಳು ಬೊಮ್ಮಕ್ಕ. ಆಕೆಯ ಕೈ ಇನ್ನೂ ಹೆಗಲ ಮೇಲೇ ಇತ್ತು.

"ನಿಮ್ಮ ಎಡಗಡೆಗೆ ನನ್ ಹೆಂಡ್ತಿನ ನಿಲ್ಲಿಸ್ತೀನಿ, ನೀವು ಹೊತ್ತಿಗೆ ಮುಂಚೆ ಬರ್ರಿ ಅಂದ್ರು."