ಚಂದ್ರನ ಸುತ್ತಲ ಬಳೆ

ಶಿವಶರಣಪ್ಪನವರು ಮೇಷ್ಟ್ರಾಗಿರಲಿಲ್ಲ. ಜಾಲಹಳ್ಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರಾಗಿದ್ದರು. ನಟ್ಟು ಬೋಲ್ಟು ಎತ್ತಿ ಕೊಡುವ ಮನುಷ್ಯನನ್ನು ಶೆಟ್ಟಿಹಳ್ಳಿಯ ಜನ ಸೇರಿ ಮೇಷ್ಟ್ರು ಮಾಡಿಬಿಟ್ಟಿದ್ದರು, ಅವರೂ ಬೇಡವೆನ್ನಲಿಲ್ಲ. ಬೇಡವೆನ್ನುವುದಿರಲಿ, ಬೀದಿಯಲ್ಲಿ ಯಾರಾದರೂ ‘ಮೇಷ್ಟ್ರೇ’ ಎಂದು ಕೂಗಿದರೆ ಅವರ ನಡಿಗೆಯೇ ಬೇರೆಯಾಗುತ್ತಿತ್ತು.

ಗುಲಬರ್ಗಾ ಕಡೆಯಿಂದ ಬಂದು ಮುನಿಶಾಮಪ್ಪನವರ ಮನೆಗೆ ಅಂಟಿಕೊಂಡ ಎರಡು ಕೋಣೆಯಲ್ಲಿ ಬಾಡಿಗೆಗಿದ್ದ ಇವರಿಗೆ ಈ ಪದವಿ ಬಂದದ್ದು ಎಂಬತ್ತನೆಯ ಇಸವಿಯ ಸೂರ್ಯಗ್ರಹಣದ ದಿನ. ಇಡೀ ಊರು ಬಾಗಿಲು ಹಾಕಿಕೊಂಡು, ನೀರಿನ ಹಂಡೆಗೂ ದರ್ಭೆ ಹಾಕಿ ಒಳಗೆ ಕೂತಿದ್ದರೆ, ಶಿವಶರಣಪ್ಪನವರು ಅಂಗಳದ ಕಲ್ಲಿನ ಮೇಲೆ ಕೂತು ಚುರುಮುರಿ ತಿಂದರು. ಮರುದಿನವೂ ಬದುಕಿದ್ದು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋದರು. ಊರಿಗೆ ಇನ್ನೇನು ಬೇಕು? ಆಮೇಲೆ ಆಕಾಶದಲ್ಲಿ ಏನು ಕಂಡರೂ ಜನ ಅವರ ಬಾಗಿಲಿಗೆ ಬರತೊಡಗಿದರು. ಎಳೆಯ ಚಂದ್ರನ ಮಗ್ಗುಲಲ್ಲಿ ದೊಡ್ಡ ದೀಪವೊಂದು ಉರಿಯುತ್ತಿದೆ ಎಂದು ಗಾಬರಿಯಾದಾಗ, ಅದು ಶುಕ್ರ ಎಂದರು. ಹುಣ್ಣಿಮೆಯ ಸಂಜೆ ಚಂದ್ರನೊಳಗಿಂದಲೇ ಕೆಂಪು ಬೆಳಕು ಇಳಿದು ಬಂತು ಎಂದು ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡಾಗ, ಯಲಹಂಕದಲ್ಲಿ ಇಳಿಯುವ ವಿಮಾನ ಎಂದರು. ಎರಡೂ ಸರಿಯಾಗಿದ್ದವು. ಎರಡು ಸಲ ಸರಿಯಾದ ಮನುಷ್ಯನಿಗೆ ಮೂರನೆಯ ಸಲ ‘ಗೊತ್ತಿಲ್ಲ’ ಎನ್ನಲು ನಾಲಿಗೆ ಹೊರಳುವುದಿಲ್ಲ.

ಮೂರನೆಯ ಸಲ ಕೇಳಿದವರು ಮುನಿಶಾಮಪ್ಪನವರ ಹೆಂಡತಿ ಪಟಾಲಮ್ಮ. ಆಗ ಪಟಾಲಮ್ಮನವರಿಗೆ ಎರಡು ಕಣ್ಣೂ ಇದ್ದವು. ಕತ್ತಲಾಗುವ ಹೊತ್ತಿಗೂ ಮೊರದಲ್ಲಿ ಅವರೆಕಾಳು ಹಾಕಿಕೊಂಡು ಹುಳುಕನ್ನು ಬೇರೆ ಮಾಡುತ್ತಿದ್ದ ಕಣ್ಣುಗಳು. ಆ ಕಣ್ಣುಗಳು ಹೋದ ಕತೆ ಇದು. ಅದರಲ್ಲಿ ಶಿವಶರಣಪ್ಪನವರ ಪಾಲೆಷ್ಟು ಎಂಬುದು ಅವರಿಗೆ ಗೊತ್ತು.

ಸೊಸೆ ಕೃಷ್ಣಮ್ಮನಿಗೆ ಮಗು ನಿಲ್ಲಲಿ ಎಂದು ಪಟಾಲಮ್ಮ ಸಂಕಷ್ಟಿಯ ಹರಕೆ ಹೊತ್ತಿದ್ದರು. ತಿಂಗಳಿಗೊಮ್ಮೆ, ಚೌತಿಯ ದಿನ, ಬೆಳಗಿನಿಂದ ಉಪವಾಸ. ರಾತ್ರಿ ಚಂದ್ರ ಮೂಡಿದ ಮೇಲೆ ಅವನನ್ನು ಕಣ್ಣಾರೆ ನೋಡಿ, ಪೂಜೆ ಮಾಡಿ, ಆಮೇಲೆ ಊಟ. ಅಂಥ ಒಂದು ರಾತ್ರಿ ಅಂಗಳದಿಂದ ಕರೆ ಬಂತು.

“ಮೇಷ್ಟ್ರೇ, ವಸಿ ಈಚೆ ಬನ್ನಿ. ಚಂದ್ರನ ಸುತ್ತ ಬಳೆ ಬಿದ್ದೈತೆ.”

ಶಿವಶರಣಪ್ಪನವರು ಪಂಚೆ ಸರಿಮಾಡಿಕೊಂಡು ಬಂದರು. ಪೂಜೆಗೆ ಸೇರಿದ್ದ ನಾಲ್ಕಾರು ಹೆಂಗಸರು ದಾರಿ ಬಿಟ್ಟರು.

“ಎಂಥಾ ಬಳಿ ಅವ್ವಾರ?”

“ಬಣ್ಣದ್ದು. ಆಚೆ ಕೆಂಪು, ಒಳಗಡೆ ನೀಲಿ. ಇಷ್ಟಗಲ.” ಪಟಾಲಮ್ಮ ಹೆಬ್ಬೆರಳು ತೋರುಬೆರಳು ಸೇರಿಸಿ ಚಂದ್ರನ ಕಡೆಗೆ ಹಿಡಿದು ತೋರಿಸಿದರು. “ಓದ್ ತಿಂಗ್ಳೂ ಇಂಗೇ ಇತ್ತು. ನೋಡಿ ನೋಡಿ ತಲೆ ಅರ್ಧ ಸಿಡೀತೈತೆ.”

ತಲೆನೋವಿನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಬೆಳಗಿನಿಂದ ಹೊಟ್ಟೆಗಿಲ್ಲದಿದ್ದರೆ ಯಾರಿಗೆ ತಲೆ ನೋಯುವುದಿಲ್ಲ? ಶಿವಶರಣಪ್ಪನವರು ಕನ್ನಡಕ ಏರಿಸಿ ಮೇಲೆ ನೋಡಿದರು. ಚಂದ್ರನಿದ್ದ, ಸ್ವಲ್ಪ ಸವೆದಿದ್ದ, ಶುಭ್ರವಾಗಿದ್ದ. ಸುತ್ತ ಏನೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಏನೂ ಇರಲಿಲ್ಲ.

ಹೆಂಗಸರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು. ‘ಗಾಳಿ ಸೋಕಿದೆ’ ಎಂದು ಒಬ್ಬರು ಪಿಸುಗುಟ್ಟಿದ್ದೂ ಕಿವಿಗೆ ಬಿತ್ತು. ಕಾರ್ಖಾನೆಯ ಲೈಬ್ರರಿಯಲ್ಲಿ ಆ ತಿಂಗಳಷ್ಟೇ ಓದಿದ್ದ ಲೇಖನ ನಾಲಿಗೆಯ ತುದಿಯಲ್ಲಿ ಕಾಯುತ್ತಿತ್ತು. ಇಂಥ ಅವಕಾಶ ದಿನಾ ಬರುತ್ತದೆಯೇ?

“ಹೌದ್ರಿ, ಕಾಣಸ್ತದ” ಎಂದರು ಶಿವಶರಣಪ್ಪನವರು.

ಆಮೇಲೆ ತಡೆಯಿರಲಿಲ್ಲ. “ಬಹಳ ಎತ್ತರದಾಗ ತೆಳ್ಳನ ಮೋಡ ಇರ್ತದ್ರಿ. ಅದರೊಳಗ ಮಂಜಿನ ಹರಳು. ಚಂದ್ರನ ಬೆಳಕು ಆ ಹರಳಿನೊಳಗ ಬಾಗಿ ಬರ್ತದ. ಅದಕ್ಕ ಬಣ್ಣದ ಬಳಿ. ಗಾಳಿ ಇಲ್ಲ, ದೆವ್ವ ಇಲ್ಲ, ಅಪಶಕುನ ಇಲ್ಲ. ಸುಮ್ಮ ಊಟ ಮಾಡ್ರಿ.”

ಹೆಂಗಸರು ತಲೆದೂಗಿದರು. ಪಟಾಲಮ್ಮನ ಮುಖ ಹಗುರಾಯಿತು. ಆ ಲೇಖನದಲ್ಲಿ ಇನ್ನೂ ಎರಡು ಮಾತು ಬರೆದಿತ್ತು. ಮಂಜಿನ ಹರಳಿನ ಬಳೆ ಬಹಳ ದೊಡ್ಡದು, ಚಂದ್ರನಿಂದ ಅದರ ಅಂಚಿಗೆ ಚಾಚಿದ ಕೈಯ ಒಂದು ಗೇಣು ದೂರ. ಕೆಂಪು ಬಣ್ಣ ಅದರ ಒಳ ಅಂಚಿನಲ್ಲಿರುತ್ತದೆ, ಹೊರಗಲ್ಲ. ಪಟಾಲಮ್ಮ ಹೇಳಿದ್ದು ಎರಡರಲ್ಲೂ ಉಲ್ಟಾ ಇತ್ತು. ಹಳ್ಳಿಯ ಹೆಂಗಸು, ಒಳಗು ಹೊರಗು ಹೆಚ್ಚುಕಡಿಮೆ ಮಾಡಿರಬೇಕು ಎಂದು ಅದನ್ನು ಅಲ್ಲಿಗೇ ಬಿಟ್ಟರು.

ಮನೆಯೊಳಗೆ ಹೆಂಡತಿ ಶಿವಲಿಂಗವ್ವ ರೊಟ್ಟಿ ಬಡಿಯುತ್ತ ಕೇಳಿದಳು, “ನನಗೇನೂ ಕಾಣಲಿಲ್ಲಲ್ರಿ. ಚಂದ್ರಾಮ ನೆಟ್ಟಗ ಇದ್ದ.”

“ನಿನಗ ನೋಡಾಕ ಬರಂಗಿಲ್ಲ.”

“ಅದೂ ಖರೇನ. ನಿಮಗ ಮಾತ್ರ ಎಲ್ಲಾ ಬರ್ತದ” ಎಂದು ಅವಳು ರೊಟ್ಟಿ ಮಗುಚಿದಳು.

ಒಂದೆರಡು ತಿಂಗಳ ಮೇಲೆ ಜಾಲಹಳ್ಳಿಯ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಪಟ್ಟಣದ ಡಾಕ್ಟರುಗಳು ಬಂದು ಬಿಟ್ಟಿ ನೋಡುತ್ತಾರೆಂದು ಕೃಷ್ಣಮ್ಮ ಅತ್ತೆಯನ್ನು ಹೊರಡಿಸಿದ್ದಳು. ಸೀರೆಯನ್ನೂ ಉಟ್ಟಾಗಿತ್ತು. ಬಾಗಿಲಲ್ಲಿ ಶಿವಶರಣಪ್ಪನವರು ಸಿಕ್ಕರು.

“ಎಲ್ಲಿಗ್ರಿ ಅವ್ವಾರ?”

“ಕಣ್ ತೋರ್ಸಾಕೆ ಕರೀತಾವ್ಳೆ. ಆ ಬಳೆ ಕಾಣ್ತೈತಲ್ಲ, ಅದ್ಕೆ.”

ಅವರಿಗೆ ಅವಮಾನವಾದಂತಾಯಿತು. ಅಷ್ಟು ಬಿಡಿಸಿ ಹೇಳಿದ ಮೇಲೂ ಡಾಕ್ಟರರ ಹತ್ತಿರ ಹೋಗುವುದೆಂದರೆ ತನ್ನ ಮಾತಿಗೆ ಬೆಲೆ ಏನು? “ತೊಂದ್ರಿ ಆಕಾಶದಾಗ ಅದ, ನಿಮ್ಮ ಕಣ್ಣಾಗ ಇಲ್ಲ” ಎಂದು ನಕ್ಕರು. “ಮೋಡ ಇದ್ರ ಬಳಿ ಇರ್ತದ. ಡಾಕ್ಟರು ಮೋಡಕ್ಕ ಔಷಧ ಕೊಡ್ತಾನೇನ್ರಿ?”

ಪಟಾಲಮ್ಮನೂ ನಕ್ಕರು, ಒಳಗೆ ಹೋಗಿ ಸೀರೆ ಬದಲಿಸಿದರು. ಕೃಷ್ಣಮ್ಮ ಬಾಗಿಲಲ್ಲಿ ತೆಗೆದಿಟ್ಟಿದ್ದ ಅತ್ತೆಯ ಚಪ್ಪಲಿಯನ್ನು ಮತ್ತೆ ಮೂಲೆಗೆ ಇಟ್ಟಳು.

ಎಂಬತ್ತನಾಲ್ಕರ ಹೊತ್ತಿಗೆ ಪಟಾಲಮ್ಮನಿಗೆ ಬಾಗಿಲ ಚೌಕಟ್ಟು ಕಾಣದೆ ಹಣೆ ಬಡಿದುಕೊಳ್ಳುವಂತಾಯಿತು. ಒಂದು ದಿನ ಕಣ್ಣು ಕೆಂಡವಾಗಿ, ವಾಂತಿಯಾಗಿ, ನೋವಿಗೆ ಗೋಡೆಗೆ ತಲೆ ಒತ್ತಿಕೊಂಡು ಕೂತರು. ಮುನಿಶಾಮಪ್ಪನವರು, “ಮೇಷ್ಟ್ರೇ, ನೀವೂ ಬನ್ನಿ. ಇಂಗ್ಲೀಷ್ನಾಗೆ ಮಾತಾಡಾಕೆ ಒಬ್ರು ಬೇಕು” ಎಂದರು. ಬಸ್ಸಿನಲ್ಲಿ ಪಟ್ಟಣದ ದೊಡ್ಡ ಕಣ್ಣಾಸ್ಪತ್ರೆಗೆ ಹೋದರು.

ಇಂಗ್ಲಿಷು ಬೇಕಾಗಲಿಲ್ಲ. ಡಾಕ್ಟರಮ್ಮ ಕನ್ನಡದವರೇ. ಬಹಳ ಹೊತ್ತು ದೀಪ ಹಿಡಿದು ನೋಡಿದರು, ಕೊನೆಗೆ ಕುರ್ಚಿ ಹಿಂದಕ್ಕೆ ಸರಿಸಿ, “ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗಿದೆ. ಇದಕ್ಕೆ ಗ್ಲಾಕೋಮಾ ಅಂತಾರೆ” ಎಂದರು. “ಮೊದಲು ಯಾವಾಗಾದ್ರೂ ದೀಪದ ಸುತ್ತ ಬಣ್ಣದ ಬಳೆ ಕಾಣ್ತಿತ್ತೇನಮ್ಮ? ಜೊತೆಗೆ ತಲೆನೋವು?”

“ಕಾಣ್ತಿತ್ತಲ್ಲ” ಎಂದರು ಪಟಾಲಮ್ಮ, ಪಾಠ ಗೊತ್ತಿರುವ ಖುಷಿಯಲ್ಲಿ. “ಚಂದ್ರನ ಸುತ್ತ. ಆಮ್ಯಾಕೆ ಲಾಂದ್ರಕ್ಕೂ ಬೀದಿ ದೀಪಕ್ಕೂ ಕಾಣ್ತಿತ್ತು. ಅದು ರೋಗ ಅಲ್ಲ ಕಣವ್ವ. ಮ್ಯಾಲೆ ತೆಳ್ಳಗೆ ಮೋಡ ಇರ್ತೈತೆ. ಅದ್ರೊಳಗೆ ಮಂಜಿನ ಅರಳು. ಬೆಳಕು ಅದ್ರಾಗೆ ಬಾಗಿ ಬತ್ತೈತೆ. ಅದ್ಕೇ ಬಳೆ. ಲಾಂದ್ರಕ್ಕೂ ಬಿದ್ದಾಗ, ಮಂಜು ಮನೆಯೊಳಕ್ಕೂ ಬಂದೈತೆ ಅನ್ಕಂಡೆ.”

ಒಂದು ಮಾತೂ ತಪ್ಪಿರಲಿಲ್ಲ. ಶಿವಶರಣಪ್ಪನವರು ನೆಲ ನೋಡುತ್ತ ನಿಂತಿದ್ದರು.

“ಇದನ್ನ ಯಾರು ಹೇಳಿದ್ರು ನಿಮಗೆ?”

“ಇವ್ರೇ. ನಮ್ ಮೇಷ್ಟ್ರು. ಬಾಳಾ ಓದ್ಕಂಡವ್ರೆ.” ಕಾಣದ ಕಣ್ಣುಗಳನ್ನು ಅವರಿರಬಹುದಾದ ಕಡೆಗೆ ತಿರುಗಿಸಿ ಪಟಾಲಮ್ಮ ಹೆಮ್ಮೆಯಿಂದ ಕೈ ತೋರಿದರು.

ಡಾಕ್ಟರಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯಲಿಲ್ಲ. “ಆಗಲೇ ಬಂದಿದ್ರೆ ಉಳಿಸಬಹುದಿತ್ತು” ಎಂದಷ್ಟೇ ಹೇಳಿ ಚೀಟಿ ಬರೆಯತೊಡಗಿದರು. ಶಿವಶರಣಪ್ಪನವರಿಗೆ ಮೈಮೇಲೆ ಬಟ್ಟೆಯಿಲ್ಲದೆ ನಿಂತಂತೆ ನಾಚಿಕೆಯಾಯಿತು.

ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಹಗಲು ರಾತ್ರಿಯ ವ್ಯತ್ಯಾಸ ಮಾತ್ರ ಉಳಿಯಿತು.

ಅಂದಿನಿಂದ ‘ಮೇಷ್ಟ್ರೇ’ ಎಂದು ಕೂಗಿದರೆ ಶಿವಶರಣಪ್ಪನವರು ತಿರುಗುತ್ತಿರಲಿಲ್ಲ. ಕೆಲಸದಿಂದ ಬರುವಾಗ ಅರಳಿಕಟ್ಟೆಯ ದಾರಿ ಬಿಟ್ಟು ದ್ರಾಕ್ಷಿ ತೋಟದ ಬೇಲಿ ಬಳಸಿ ಬರುತ್ತಿದ್ದರು. ಪಕ್ಕದ ಹಳ್ಳಿ ಸಿಂಗಾಪುರದ ಕಡೆ ಬೇರೆ ಮನೆ ನೋಡೋಣ ಎಂದರೆ ಶಿವಲಿಂಗವ್ವ, “ಅಲ್ಲಿಗೂ ನೀವ ಬರ್ತೀರಲ್ಲ” ಎಂದು ಬಾಯಿ ಮುಚ್ಚಿಸಿದಳು. ಊರವರು ಯಾರೂ ಒಂದು ಮಾತು ಆಡಲಿಲ್ಲ. ಮುನಿಶಾಮಪ್ಪನವರು ಹಣೆಬರಹ ಎಂದರು. ಹಣೆಬರಹವನ್ನು ನಂಬದ ಶಿವಶರಣಪ್ಪನವರಿಗೆ ಆ ಆಸರೆಯೂ ಇರಲಿಲ್ಲ. ತನಗೆ ಬಳೆ ಕಂಡೇ ಇರಲಿಲ್ಲ ಎಂಬುದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊರಟಾಗಲೆಲ್ಲ ಮಳೆಯ ಮಾತು, ಬಸ್ಸಿನ ಮಾತು ಬರುತ್ತಿತ್ತು.

ಪಟಾಲಮ್ಮ ಮಾತ್ರ ಸಂಕಷ್ಟಿ ಬಿಡಲಿಲ್ಲ. ಅಷ್ಟರಲ್ಲಿ ಕೃಷ್ಣಮ್ಮನಿಗೆ ಹೆಣ್ಣುಮಗು ಹುಟ್ಟಿತ್ತು, ಹರಕೆ ಇನ್ನೂ ಗಟ್ಟಿಯಾಗಿತ್ತು. ಚಂದ್ರ ಮೂಡಿದ್ದನ್ನು ನೋಡಿ ಹೇಳಲು ಅವರು ಕರೆಯುತ್ತಿದ್ದದ್ದು ಶಿವಶರಣಪ್ಪನವರನ್ನೇ. ಒಲ್ಲೆ ಎನ್ನುವ ಮುಖ ಅವರಿಗೆಲ್ಲಿತ್ತು? ತಿಂಗಳಿಗೊಮ್ಮೆ ಅಂಗಳಕ್ಕೆ ಹೋಗಿ, ಮೇಲೆ ನೋಡಿ, “ಬಂದಾನ್ರಿ” ಎನ್ನುತ್ತಿದ್ದರು. ಮೋಡ ಕವಿದ ರಾತ್ರಿಗಳಲ್ಲೂ, ಮುದುಕಿ ಹಸಿದಿದ್ದಾರೆ ಎಂದು, “ಬಂದಾನ್ರಿ” ಎಂದುಬಿಡುತ್ತಿದ್ದರು.

ಎಂಬತ್ತಾರರ ಆಷಾಢದಲ್ಲಿ ಅಂಥದೇ ರಾತ್ರಿ. ಕೃಷ್ಣಮ್ಮ ತವರಿಗೆ ಹೋಗಿದ್ದಳು. ಶಿವಶರಣಪ್ಪನವರು ಕಪ್ಪು ಆಕಾಶದ ಕೆಳಗೆ ಒಂದು ಗಳಿಗೆ ನಿಂತು ಒಳಗೆ ಬಂದರು.

“ಬಂದಾನ್ರಿ ಅವ್ವಾರ. ಊಟ ಮಾಡ್ರಿ.”

ಪಟಾಲಮ್ಮ ಕೈಮುಗಿದು ತಟ್ಟೆ ಎಳೆದುಕೊಂಡರು. ತುತ್ತು ಮುರಿಯುವ ಮುಂಚೆ, ಹಳೆಯದನ್ನೇನೋ ನೆನೆದು ನಕ್ಕರು. “ಆ ಬಳೆ ಬಿದ್ದಿದ್ ರಾತ್ರೀನೇ ಕೃಷ್ಣಮ್ಮ ಯೋಳಿದ್ಲು ಸ್ವಾಮಿ. ಅತ್ತೆ, ನಂಗೇನೂ ಕಾಣಾಕಿಲ್ಲ, ಚಂದ್ರ ಬರೀ ಚಂದ್ರನಂಗೇ ಅವ್ನೆ, ನಿಮ್ ಕಣ್ಣಾಗೇ ಏನೋ ಐತೆ ಅಂತ. ನಾನೇ ಗದರಿಸ್ದೆ. ಮೇಷ್ಟ್ರೇ ಕಣ್ಣಾರೆ ಕಂಡವ್ರೆ, ನಿಂಗೆ ನೋಡಾಕ್ ಬರಾಕಿಲ್ಲ ಅಂದೆ. ನಾಕ್ ಜನದ ಮುಂದೆ ನಿಮ್ ಮಾತು ಸುಳ್ಳು ಅಂತ ಆಗ್ಬಾರ್ದು ನೋಡಿ.”

ಅವತ್ತು ರಾತ್ರಿ ತಾನು ಹೆಂಡತಿಗೆ ಹೇಳಿದ ಮಾತೂ ಅದೇ. ಶಿವಶರಣಪ್ಪನವರು ಹೊಸ್ತಿಲ ಮೇಲೆ ಕೂತರು.

“ಅವ್ವಾರ, ನನಗೂ ಕಂಡಿರಲಿಲ್ರಿ.”

“ಏನು?”

“ಆ ಬಳಿ. ಚಂದ್ರ ಬರೇ ಚಂದ್ರನ ಇದ್ದ. ಮಂದಿ ಮುಂದ ನಾನು ಸುಳ್ಳ ಹೇಳಿದೆ.”

ಪಟಾಲಮ್ಮನ ಕೈ ತಟ್ಟೆಯ ಅಂಚಿನಲ್ಲಿ ನಿಂತಿತು. ಬೈಯಲಿ, ಶಾಪ ಹಾಕಲಿ, ತಟ್ಟೆ ಎಸೆಯಲಿ ಎಂದು ಶಿವಶರಣಪ್ಪನವರು ಕಾದರು. ಪಟಾಲಮ್ಮ ಮುಖವನ್ನು ಹೊಸ್ತಿಲ ಕಡೆಗೆ ತಿರುಗಿಸಿ ಕೇಳಿದರು.

“ಈಗ ಬಂದವ್ನೆ ಅಂದ್ರಲ್ಲ. ಅದು ದಿಟವಾ?”

“ಇಲ್ರಿ. ಮೋಡ ಅದ. ಕಾಣವಲ್ಲ.”

“ಓದ್ ತಿಂಗ್ಳು?”

“ಆವಾಗೂ ಇರಲಿಲ್ರಿ.”

ಪಟಾಲಮ್ಮ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅದರ ಮೇಲೆ ಇನ್ನೊಂದು ತಟ್ಟೆಯನ್ನು ತಡಕಾಡಿ ಹುಡುಕಿ ಮುಚ್ಚಿದರು.

“ಅಂಗಾದ್ರೆ ಕಾಯ್ತೀನಿ” ಎಂದರು. “ಓಗಿ ನಿಂತ್ಕಳಿ. ಕಂಡ್ರೆ ಮಾತ್ರ ಯೋಳಿ.”

ಶಿವಶರಣಪ್ಪನವರು ಅಂಗಳಕ್ಕೆ ಹೋಗಿ ಮುಖ ಮೇಲೆತ್ತಿ ನಿಂತರು. ಹನಿ ಬೀಳತೊಡಗಿತು. ಅವರು ಒಳಗೆ ಬರಲಿಲ್ಲ, ಪಟಾಲಮ್ಮನೂ ಕರೆಯಲಿಲ್ಲ.