ಹಾರ್ನ್ ಕಲಿತ ಎತ್ತುಗಳು

ಅಪ್ಪನ ಕಣ್ಣಿಗೆ ಪೊರೆ ಬಂದ ವರ್ಷ ಹತ್ತಿಯ ಚಕ್ಕಡಿ ಹೊಡೆಯುವ ಕೆಲಸ ಅಣ್ಣನಿಗೆ ಬಂತು. ಅವನಿಗೆ ಹದಿನಾರು, ನನಗೆ ಹನ್ನೆರಡು. ನಮ್ಮ ಶಿರಗುಪ್ಪಿಯಿಂದ ಹುಬ್ಬಳ್ಳಿ ಪೇಟೆಗೆ ಹೋಗುವ ರಸ್ತೆಯಲ್ಲಿ ಆಗ ಮೋಟಾರುಗಳ ಓಡಾಟ ಸುರುವಾಗಿತ್ತು. ಹಾರ್ನ್ ಕೇಳಿದರೆ ಎತ್ತುಗಳು ಬೆದರಿ ಎತ್ತೆಂದರತ್ತ ಎಳೆಯುತ್ತಿದ್ದವು. ಅಪ್ಪ ಹಗ್ಗ ಜಗ್ಗಿ ಹಿಡಿಯುತ್ತಿದ್ದ. ಅಣ್ಣನ ತೋಳಿಗೆ ಇನ್ನೂ ಆ ಬಲ ಬಂದಿರಲಿಲ್ಲ.

ಅಪ್ಪ ಹುಬ್ಬಳ್ಳಿಯ ಕಮರಿಪೇಟೆಯ ಗುಜರಿ ಅಂಗಡಿಯಿಂದ ಒಂದು ಹಳೆಯ ಹಾರ್ನ್ ತಂದ. ರಬ್ಬರ್ ಚೆಂಡು ಹಿಚುಕಿದರೆ ಕೂಗುವಂಥದು. ಎತ್ತುಗಳಿಗೆ ಹಿಂಡಿ ಇಡುವಾಗಲೆಲ್ಲ ಅದನ್ನು ಕೂಗಿಸುತ್ತಿದ್ದ. ಮೊದಮೊದಲು ಅವು ಹಿಂದೆ ಸರಿದವು, ಆಮೇಲೆ ಹಿಂಡಿಯ ಆಸೆಗೆ ನಿಂತವು.

"ಮನಿ ಹೋಗಿ ಮೋಟಾರ್ ಸ್ಟ್ಯಾಂಡ್ ಆತು," ಎಂದಳು ಅವ್ವ.

ಅಣ್ಣ ಮೊದಲ ಸಲ ಪೇಟೆಗೆ ಹೋಗಿ ಬಂದವನು ಚಕ್ಕಡಿಯಿಂದ ಇಳಿಯುವ ಮೊದಲೇ ಕೂಗಾಡಿದ. ಎದುರಿಗೆ ಮೋಟಾರು ಹಾರ್ನ್ ಮಾಡಿದಾಗ ಎತ್ತುಗಳು ಬೆದರಲಿಲ್ಲವಂತೆ. ನಡುರಸ್ತೆಯಲ್ಲಿ ನಿಂತು ಮೋಟಾರಿನ ಕಡೆ ಮೂತಿ ಚಾಚಿದವಂತೆ.

"ಆ ಡ್ರೈವರ, 'ಏ ತಮ್ಮಾ, ನಿನ್ನ ಎತ್ತಿಗೂ ಟಿಕೀಟ ಕೊಡ್ಲೇನು?' ಅಂತ ಕೇಳಿದ ಅಪ್ಪಾ. ಒಳಗ ಕುಂತವರೆಲ್ಲಾ ನಕ್ರು. ನೀ ಅಂಜಿಕಿ ಬಿಡಿಸ್ಲಿಲ್ಲ, ಹಸಿವಿ ಕಲಿಸೀದಿ!"

ಅಪ್ಪ ನಗಲಿಲ್ಲ. ಮೋಟಾರು ನಿಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಗೊತ್ತಿತ್ತು. ಮರುದಿನದಿಂದ ಪಾಠ ಬದಲಾಯಿತು. ಹೊಲದ ದಾರಿಯಲ್ಲಿ ಅಣ್ಣ ಚಕ್ಕಡಿ ಹೊಡೆಯಬೇಕು, ಅಪ್ಪ ಹಿಂದಿನಿಂದ ಹಾರ್ನ್ ಕೂಗಿಸಬೇಕು. ಚಕ್ಕಡಿ ಎಡಕ್ಕೆ ಸರಿದು ನಿಂತ ಮೇಲೆಯೇ ಎತ್ತುಗಳಿಗೆ ಒಂದು ಹಿಡಿ ಹಿಂಡಿ. ಸುಗ್ಗಿ ಮುಗಿಯುವಷ್ಟರಲ್ಲಿ ಎತ್ತುಗಳು ತಾವಾಗಿಯೇ ಎಡಕ್ಕೆ ಸರಿಯತೊಡಗಿದವು. ಅಣ್ಣನಿಗೆ ಅದೂ ಅವಮಾನವೇ.

"ಎತ್ತು ತಾವ ಬಾಜೂ ಸರದ್ರ ನಾ ಚಕ್ಕಡ್ಯಾಗ ಯಾಕ ಕೂಡಬೇಕು?"

"ಅವು ಮರತ್ರ ನೆನಪ ಮಾಡಾಕ," ಎಂದ ಅಪ್ಪ.

ಹಾಗೆ ಎರಡು ಸುಗ್ಗಿ ಕಳೆದವು. ಅಣ್ಣ ಹೋಗಿ ಬಂದ, ಹೋಗಿ ಬಂದ. ಅವನು ಬರುವವರೆಗೆ ಅಪ್ಪ ಊರ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ.

ಮೂರನೆಯ ಮಳೆಗಾಲದಲ್ಲಿ ಅಣ್ಣನಿಗೆ ಜ್ವರ ಬಂತು. ಇಳಿದಂತಾಗಿ ಮತ್ತೆ ಏರಿತು. ಮನೆಯ ಪಡಸಾಲೆಯಲ್ಲಿ, ನಾವೆಲ್ಲ ಸುತ್ತ ಕೂತಿದ್ದಾಗ, ಹೋದ.

ದುಃಖದಲ್ಲಿ ಮಾತಾಡಿಸಲು ಬಂದ ದೂರದೂರಿನ ನೆಂಟರಿಗೆ ಚಕ್ಕಡಿ ಹೊಡೆಯುತ್ತಿದ್ದ ಹುಡುಗ ತೀರಿಕೊಂಡ ಎಂದಷ್ಟೇ ತಿಳಿದಿತ್ತು. "ಮೋಟಾರ್ ಬಡೀತೇನ್ರಿ?" ಎಂದು ಕೇಳಿದರು.

"ಇಲ್ರಿ. ಜ್ವರ ಬಂದಿತ್ತು. ರಸ್ತ್ಯಾಗ ಅವಗ ಒಂದು ಗೀರೂ ಬಿದ್ದಿಲ್ಲ," ಎಂದ ಅಪ್ಪ. ಕೇಳಿದವರಿಗೂ ಕೇಳದವರಿಗೂ ಅದೇ ಮಾತನ್ನು ಹೇಳುತ್ತಿದ್ದ.

ಒಂದು ದಿನ ಅವ್ವನಿಗೆ ತಡೆಯದಾಯಿತು. "ಅದನ್ನ ಎಷ್ಟ ಸಲ ಹೇಳ್ತೀರಿ? ಹುಡುಗ ಅಂತೂ ಉಳೀಲಿಲ್ಲಲಾ."

"ನನ್ನ ಕೈಯಾಗ ಇದ್ದದ್ದು ಅದೊಂದ. ಅದನ್ನ ಹೇಳಾಕತ್ತೇನಿ," ಎಂದ ಅಪ್ಪ.

ಅಂದು ಸಂಜೆ ಬಂದ ಹೆಂಗಸೊಬ್ಬಳು ಅದೇ ಪ್ರಶ್ನೆ ಕೇಳಿದಾಗ ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಇಲ್ಲವ್ವಾ, ರಸ್ತ್ಯಾಗಲ್ಲ."