ಹುಲ್ಲಿನ ಹಾಳೆಗೆ ಅರಿಶಿಣದ ಬೊಟ್ಟು

ಮಾಡಿದ್ದನ್ನು ಯಾರಿಗೂ ತೋರಿಸದಿರುವುದು ನನ್ನ ಹಳೆಯ ಚಾಳಿ. ಹೊಸ ಸೀರೆಯನ್ನೂ ಎರಡು ವಾರ ಬೀರುವಿನಲ್ಲಿಟ್ಟು, ಯಾರೂ ಕೇಳದಷ್ಟು ಹಳತಾದ ಮೇಲೆ ಉಡುತ್ತೇನೆ. ಅಂಥವಳು ಒಂದು ಭಾನುವಾರ ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸು ಹತ್ತಿ, ಕರೂರಿನ ದೊಡ್ಡವ್ವನಿಗೆ ತೋರಿಸಲೆಂದು ಒಂದು ಹಾಳೆ ಒಯ್ದೆ.

ಅದು ಅವಳ ಗದ್ದೆಯ ಹುಲ್ಲೇ. ಭತ್ತದ ಹುಲ್ಲನ್ನು ಕ್ಷಾರದಲ್ಲಿ ಬೇಯಿಸಿ, ತೊಳೆದು, ಬಣ್ಣ ತೆಗೆದು, ನುಣ್ಣಗೆ ಅರೆದು, ತೆಳುವಾಗಿ ಹರಡಿ ಒಣಗಿಸಿದರೆ ಉಳಿಯುವುದು ಸೆಲ್ಯುಲೋಸ್, ಸಸ್ಯಕೋಶದ ಗೋಡೆ. ನೋಡಲು ಪ್ಲಾಸ್ಟಿಕ್, ಮಣ್ಣಿಗೆ ಹಾಕಿದರೆ ಮಣ್ಣು. ಅನ್ನದಲ್ಲಿರುವುದೂ ಈ ಗೋಡೆಯಲ್ಲಿರುವುದೂ ಒಂದೇ ಸಕ್ಕರೆ ಎಂಬುದು ನನಗೆ ಇವತ್ತಿಗೂ ಬೆರಗು. ಕೊಂಡಿ ಕೂಡಿಸುವ ರೀತಿಯಷ್ಟೇ ಬೇರೆ. ಹೀಗೆ ಕೂಡಿದರೆ ನಮ್ಮ ತಟ್ಟೆಗೆ, ಹಾಗೆ ಕೂಡಿದರೆ ಎಮ್ಮೆಯ ಮುಂದಕ್ಕೆ. ಕಡ್ಡಿಯಂಥ ದಂಟು ತೆನೆ ಹೊತ್ತು, ಗಾಳಿಗೆ ಬಾಗಿ, ಮತ್ತೆ ನಿಲ್ಲುವುದೂ ಈ ಗೋಡೆಯಿಂದಲೇ.

ಮೂರು ತಿಂಗಳಲ್ಲಿ ಕಲೆಯಿಲ್ಲದೆ ಬಂದದ್ದು ಅದೊಂದೇ ಹಾಳೆ. ಮರುದಿನ ನಾನು ಸಂಶೋಧನೆ ಮಾಡುವ ವಿಭಾಗದಲ್ಲಿ ಎಲ್ಲರೆದುರು ಅದನ್ನು ಇಡಬೇಕಿತ್ತು.

ದೊಡ್ಡವ್ವ ಬೆಳಕಿಗೆ ಹಿಡಿದಳು. "ನಮ್ಮ ಹುಲ್ಲೇನ ಇದು? ಎಮ್ಮಿಗೆ ತೋರಿಸಬ್ಯಾಡವ್ವ, ನಾಳಿಂದ ಇಂಥಾದ ಬೇಕು ಅಂತ ಕುಂತೀತು!"

ನಾನು ನಗುವಷ್ಟರಲ್ಲಿ ಅವಳ ಕೈ ಅರಿಶಿಣದ ಬಟ್ಟಲಲ್ಲಿತ್ತು. ಬಟ್ಟೆಯಿರಲಿ, ಸೈಕಲ್ಲಿರಲಿ, ಹೊಸದಕ್ಕೆ ಮೂಲೆಯಲ್ಲೊಂದು ಬೊಟ್ಟಿಡದೆ ಅವಳು ಹೊಸ್ತಿಲು ದಾಟಿಸುವವಳಲ್ಲ.

"ದೊಡ್ಡವ್ವ, ಬ್ಯಾಡ!"

"ಸುಮ್ನಿರಲೇ, ದೃಷ್ಟಿ ಆಕ್ಕೈತಿ."

ಒದ್ದೆ ಅರಿಶಿಣ ತಾಗಿತು. ನೋಡನೋಡುತ್ತ ಹಳದಿ ಬೊಟ್ಟು ಕೆಂಪಾಯಿತು.

"ಕುಂಕುಮ ಆತಲ್ಲ! ಸುಣ್ಣ ಹಾಕಿಯೇನ ಇದಕ್ಕ? ಸರಿಯಾಗಿ ತೊಳದಿಲ್ಲ ನೀನು."

ಸುಣ್ಣವಲ್ಲ, ನನ್ನ ಕ್ಷಾರ. ಅರಿಶಿಣಕ್ಕೆ ಸುಣ್ಣ ಬೆರೆಸಿ ಮನೆಯಲ್ಲೇ ಕುಂಕುಮ ಮಾಡಿದ ಕೈಗೆ ಅದು ಕ್ಷಣದಲ್ಲಿ ತಿಳಿದಿತ್ತು. ಅವಸರದಲ್ಲಿ ನಾನು ಕೊನೆಯ ಸಲ ತೊಳೆಯದೆ ಬಿಟ್ಟಿದ್ದೆ. ಬಿಟ್ಟದ್ದನ್ನು ಪ್ರಯೋಗದ ಪುಸ್ತಕದಲ್ಲೂ ಬರೆದಿರಲಿಲ್ಲ.

ಸೋಮವಾರ ಕೆಂಪು ಬೊಟ್ಟಿನ ಹಾಳೆಯನ್ನೇ ಮುಂದಿಟ್ಟು ತಪ್ಪು ಒಪ್ಪಿಕೊಂಡೆ. ನನ್ನ ಮಾರ್ಗದರ್ಶಕರು ಹಾಳೆಯನ್ನು ಕೈಗೆತ್ತಿಕೊಂಡರು. "ಮೀನು ಕೆಡುವಾಗಲೂ ಕ್ಷಾರದ ಆವಿ ಬರುತ್ತದೆ. ಅರಿಶಿಣ ಬೆರೆಸಿದ ಹಾಳೆಯಲ್ಲಿ ಸುತ್ತಿಟ್ಟರೆ, ಕೆಟ್ಟಿದೆಯೆಂದು ಹೊದಿಕೆಯೇ ಕೆಂಪಾಗಿ ಹೇಳೀತಲ್ಲವೇ?" ಎಂದರು. ಈಗ ಅರಿಶಿಣ ಬೆರೆಸಿಯೇ ಹಾಳೆ ಮಾಡುತ್ತಿದ್ದೇನೆ, ತೊಳೆತ ಒಂದೂ ಬಿಡದೆ.

ಇಡೀ ಗದ್ದೆಯನ್ನು ನಿಲ್ಲಿಸುವ ಗೋಡೆಯೇ ಆಚೆಯದು ಕಾಣುವಷ್ಟು ತೆಳುವಾಗಬಲ್ಲದು. ಮೊನ್ನೆ ಕೊಂಡ ಸೀರೆಯನ್ನು ಮರುದಿನವೇ ಕರೂರಿಗೆ ಒಯ್ದು ಉಟ್ಟೆ. ಸೆರಗಿನ ಮೂಲೆಯಲ್ಲಿ ದೊಡ್ಡವ್ವನ ಬೊಟ್ಟಿತ್ತು. ಹಳದಿಯಾಗಿಯೇ ಉಳಿದಿತ್ತು.